ಭೇದರಕ್ಷಣೆ: ಬುಕ್ಕರಾಯನ ಬೆಳ್ಗೊಳದ ಶಾಸನದ ಅರ್ಥವಿಮರ್ಶೆ

ಶ್ರವಣಬೆಳ್ಗೊಳದ ಭಂಡಾರಿ ಬಸದಿಯಲ್ಲಿರುವ ಶಕವರ್ಷ ೧೨೯೦ರ, ಎಂದರೆ ಕ್ರಿ. ಶ. ೧೩೬೮ರ ಶಾಸನವು ಕನ್ನಡನಾಡಿನ ಚರಿತ್ರೆಯನ್ನು ಬಲ್ಲವರಿಗೆಲ್ಲ ಸುಪರಿಚಿತವಾದುದು. ರೈಸ್ ಸಾಹೇಬರು ೧೮೮೯ರಲ್ಲಿ ಇದನ್ನು ಮೊದಲು ಪ್ರಕಟಪಡಿಸಿದರು; ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ೧೯೨೩ರ ಪರಿಷ್ಕೃತ ಮುದ್ರಣದಲ್ಲಿ ಪಾಠವನ್ನು ಶೋಧಿಸಿ ಕೊಟ್ಟರು. ಅಂದಿನಿಂದ ಇಂದಿನವರೆಗೆ ಮತಸಾಮರಸ್ಯದ ಮಾತು ಬಂದಲ್ಲೆಲ್ಲ ಈ ಶಾಸನವನ್ನು ಉದಾಹರಿಸುವುದು ಒಂದು ಸಂಪ್ರದಾಯವೇ ಆಗಿಹೋಗಿದೆ. ಆದರೆ ಉದಾಹರಿಸುವವರಲ್ಲಿ ಬಹುಮಂದಿ ಅದರ ಒಂದು ವಾಕ್ಯವನ್ನು ಮಾತ್ರ ಆಯ್ದುಕೊಂಡು, ಉಳಿದ ಭಾಗವನ್ನು ಓದದೆಯೇ ಬಿಡುತ್ತಿರುವರೋ ಎಂಬ ಸಂದೇಹವು ನನಗೆ ಬಹುಕಾಲದಿಂದ ಇದೆ. ಶಾಸನವೆಂಬುದು ಒಂದು ವಾಕ್ಯವಲ್ಲ, ಅದೊಂದು ಪ್ರಬಂಧ. ಉಪಕ್ರಮ, ಉಪಸಂಹಾರ, ಅಭ್ಯಾಸ ಮುಂತಾದ ಲಿಂಗಗಳಿಂದ ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ಮೀಮಾಂಸಕರು ವಿಧಿಸಿರುವರಷ್ಟೆ. ಆ ನ್ಯಾಯವನ್ನೇ ಇಲ್ಲಿ ಅನುಸರಿಸಿ ಈ ಶಾಸನದ ತಾತ್ಪರ್ಯವಾವುದೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯವನ್ನು ಸಂಗ್ರಹಿಸುವೆನು. ಜೈನರಿಗೂ ಭಕ್ತರಿಗೂ, ಅಂದರೆ ಶ್ರೀವೈಷ್ಣವರಿಗೂ, ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳನ್ನೊಳಗೊಂಡ ಸಮಸ್ತ ನಾಡುಗಳ ಜೈನರು, ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ವೀರಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಈ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡ ಶ್ರೀವೈಷ್ಣವರನ್ನೂ ಕರೆಯಿಸಿದನು. ಆ ಸಭೆಯಲ್ಲಿ ಆಚಾರ್ಯರು, ಸಾತ್ತ್ವಿಕರು ಮಾತ್ರವಲ್ಲದೆ ತಿರುಕುಲದವರೂ ಜಾಂಬವಕುಲದವರೂ ಇದ್ದರೆಂಬುದನ್ನು ಶಾಸನವು ಸ್ಪಷ್ಟವಾಗಿ ಹೇಳುತ್ತದೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯವೂ ಕಲಶವೂ ಜೈನದರ್ಶನಕ್ಕೆ ಹಿಂದಿನ ಮರ್ಯಾದೆಯಂತೆಯೇ ಸಲ್ಲತಕ್ಕುದೆಂದು ನಿಯಮಿಸಿದನು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ಅದನ್ನು ವೈಷ್ಣವರು ತಮ್ಮ ಹಾನಿವೃದ್ಧಿಯೆಂದೇ ಎಣಿಸಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನೆಡಿಸಬೇಕು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ದ್ರವ್ಯದಿಂದ ತಿರುಮಲೆಯ ತಾತಯ್ಯನು ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವನ್ನಿಕ್ಕಿಸಬೇಕು. ತಪ್ಪಿದವನು ರಾಜದ್ರೋಹಿ, ಸಂಘಸಮುದಾಯದ್ರೋಹಿ. ಇದು ಶಾಸನದ ಶರೀರ. ಇದರ ಪ್ರತಿಯೊಂದು ಮಾಗಡಿಯ ಸೀಮೆಯ ಕಲ್ಯದಲ್ಲಿಯೂ ದೊರೆತಿದೆ.

ಇನ್ನು ಪೂರ್ವಪಕ್ಷ. ಭೇದವಿಲ್ಲವೆಂಬ ರಾಯನ ಮಾತನ್ನು ಹಿಡಿದು, ಇದು ಸರ್ವಮತಸಮನ್ವಯದ ಶಾಸನವೆಂದೂ, ಮತಗಳೆಲ್ಲ ತತ್ತ್ವತಃ ಒಂದೇ ಎಂಬ ಸಿದ್ಧಾಂತವನ್ನು ಬುಕ್ಕರಾಯನು ಸಾರಿದನೆಂದೂ ಹೇಳುವುದುಂಟು. ಈ ಅರ್ಥವು ಕಿವಿಗೆ ಹಿತವಾಗಿದೆ. ಆದರೆ ಶಾಸನಕ್ಕೆ ಹೊಂದುವುದಿಲ್ಲ. ಉಪಕ್ರಮವನ್ನೇ ನೋಡಬಹುದು. ಶಾಸನವು ಆರಂಭವಾಗುವುದು ಯತಿರಾಜರಾದ ರಾಮಾನುಜರ ಸ್ತುತಿಯಿಂದ. ಆ ಸಂಸ್ಕೃತ ಶ್ಲೋಕದಲ್ಲಿ ಆಚಾರ್ಯರನ್ನು ಪಾಷಂಡಮತಗಳೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ವರ್ಣಿಸಿದೆ. ಆ ಪಾಷಂಡಪದದಲ್ಲಿ ಜೈನರೂ ಅಂತರ್ಭಾವ ಹೊಂದುವರೆಂಬುದರಲ್ಲಿ ಸಂಶಯವಿಲ್ಲ. ಜೈನರ ಬಸದಿಯಲ್ಲಿ, ಜೈನರ ರಕ್ಷಣೆಗಾಗಿ ನೆಟ್ಟ ಕಲ್ಲಿನ ನೆತ್ತಿಯ ಮೇಲೆ, ಜೈನಮತವನ್ನು ಸುಡುವ ಅಗ್ನಿಗೆ ಜಯಕಾರವಿದೆ! ಸಮನ್ವಯವೇ ಇಲ್ಲಿನ ತಾತ್ಪರ್ಯವಾಗಿದ್ದರೆ ಈ ಶ್ಲೋಕಕ್ಕೆ ಗತಿಯೇನು? ಕೆಲವರು ಇದನ್ನು ಲಿಪಿಕಾರನ ರೂಢಿಯೆಂದು ತಳ್ಳಿಹಾಕುವರು. ಹಾಗಲ್ಲ. ಶಾಸನವನ್ನು ನೆಡಿಸತಕ್ಕವರು ಶ್ರೀವೈಷ್ಣವರೆಂದು ಶಾಸನವೇ ಹೇಳುತ್ತಿರುವಾಗ, ಅವರು ತಮ್ಮ ಗುರುವಂದನೆಯನ್ನು ಬಿಡದೆಯೇ, ತಮ್ಮ ಸಿದ್ಧಾಂತದಲ್ಲಿ ಒಂದಕ್ಷರವನ್ನೂ ಸಡಿಲಿಸದೆಯೇ, ಈ ಒಡಂಬಡಿಕೆಗೆ ಕೈಯಿಟ್ಟರೆಂದು ಗ್ರಹಿಸುವುದೇ ನ್ಯಾಯ್ಯ.

ಇದಕ್ಕೆ ನನ್ನ ಅಧ್ಯಯನಕಾಲದ ಅನುಭವವೊಂದು ಪೋಷಕವಾಗಿದೆ. ನಾವು ಪಾಠಶಾಲೆಯಲ್ಲಿ ವೇದಾಂತವನ್ನು ಓದುವಾಗ ಸ್ಯಾದ್ವಾದವೆಂಬ ಹೆಸರನ್ನು ಮೊದಲು ಕೇಳಿದ್ದು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ತರ್ಕಪಾದದಲ್ಲಿ. ಅಲ್ಲಿ ಶಂಕರರೂ ರಾಮಾನುಜರೂ, ಮಿಕ್ಕ ವಿಷಯಗಳಲ್ಲಿ ಪರಸ್ಪರ ವಿರೋಧಿಗಳಾದರೂ, ಒಂದೇ ವಸ್ತುವಿನಲ್ಲಿ ವಿರುದ್ಧಧರ್ಮಗಳು ಸೇರಲಾರವೆಂಬ ಯುಕ್ತಿಯಿಂದ ಆರ್ಹತಮತವನ್ನು ಖಂಡಿಸಿರುವರು. ಖಂಡಿಸುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ನಾವು ಕಲಿತೆವು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವನ್ನು ನಾನು ಕೈಗೆತ್ತಿಕೊಂಡದ್ದು ನಲವತ್ತು ದಾಟಿದ ಮೇಲೆ. ಆಗ ತಿಳಿಯಿತು, ನಾವು ಗೆದ್ದೆವೆಂದುಕೊಂಡ ಪೂರ್ವಪಕ್ಷವು ಅವರ ಸಿದ್ಧಾಂತದ ನೆರಳು ಮಾತ್ರವೆಂದು. ಇದನ್ನು ಹೇಳುವುದು ಪಾಠಶಾಲೆಯನ್ನು ದೂಷಿಸುವುದಕ್ಕಲ್ಲ. ಸಿದ್ಧಾಂತದಲ್ಲಿ ಭೇದವಿರುವುದು ನಿಜ, ಅದು ಮಾತಿನಿಂದ ಅಳಿಯತಕ್ಕುದಲ್ಲ ಎಂಬುದಕ್ಕೆ ಇದು ನಿದರ್ಶನ. ಜಗತ್ಕರ್ತೃವಾದ ಈಶ್ವರನುಂಟೆನ್ನುವವರೂ ಇಲ್ಲವೆನ್ನುವವರೂ ಒಂದೇ ಮಾತನ್ನು ಹೇಳುತ್ತಿರುವರೆನ್ನುವುದು ಇಬ್ಬರಿಗೂ ಮಾಡುವ ಅವಮಾನ. ೧೩೬೮ರ ಆಚಾರ್ಯರು ಇಷ್ಟನ್ನು ಅರಿಯದವರಾಗಿರಲಿಲ್ಲ.

ಹಾಗಾದರೆ ಭೇದವಿಲ್ಲವೆಂಬ ವಾಕ್ಯದ ಅರ್ಥವೇನು? ಇದಕ್ಕೆ ಉತ್ತರವನ್ನು ವೇದಾಂತದಲ್ಲಿ ಹುಡುಕದೆ ವ್ಯವಹಾರಶಾಸ್ತ್ರದಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ರಾಯನು ಕುಳಿತದ್ದು ವಾದಸಭೆಯಲ್ಲಲ್ಲ, ವ್ಯವಹಾರಸಭೆಯಲ್ಲಿ. ಜೈನರು ತಂದದ್ದು ತತ್ತ್ವಪ್ರಶ್ನೆಯನ್ನಲ್ಲ, ಅನ್ಯಾಯದ ದೂರನ್ನು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವೊಂದುಂಟು. ಸಂವಿತ್ತೆಂದರೆ ಒಡಂಬಡಿಕೆ, ಅದನ್ನು ಮೀರುವುದು ವ್ಯತಿಕ್ರಮ. ಆ ಪ್ರಕರಣದ ಕೊನೆಯಲ್ಲಿ ಸ್ಮೃತಿಕಾರನು ಶ್ರೇಣಿಗಳು, ನೈಗಮರು, ಪಾಷಂಡಿಗಳು, ಗಣಗಳು ಇವರೆಲ್ಲರಿಗೂ ಇದೇ ವಿಧಿಯೆಂದು ಹೇಳಿ, ಇವರ ಭೇದವನ್ನು ಅರಸನು ರಕ್ಷಿಸತಕ್ಕುದು, ಇವರ ಪೂರ್ವವೃತ್ತಿಯನ್ನು ಪಾಲಿಸತಕ್ಕುದು ಎಂದು ವಿಧಿಸುತ್ತಾನೆ. ಭೇದವನ್ನು ಅಳಿಸಬೇಕೆಂದಾಗಲಿ ಸೈರಿಸಬೇಕೆಂದಾಗಲಿ ಅಲ್ಲಿ ಹೇಳಿಲ್ಲ, ರಕ್ಷಿಸಬೇಕೆಂದು ಹೇಳಿದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕನ್ನಡನೆಲದಲ್ಲಿಯೇ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇಲ್ಲಿ ಪಾಷಂಡಿಗಳೆಂದರೆ ವೇದಪ್ರಾಮಾಣ್ಯವನ್ನು ಒಪ್ಪದ ನಗ್ನರು, ಸೌಗತರು ಮೊದಲಾದವರೆಂದೂ, ಭೇದವೆಂದರೆ ಅವರವರ ಧರ್ಮವ್ಯವಸ್ಥೆಯೆಂದೂ ವ್ಯಾಖ್ಯಾನಿಸಿರುವನು. ಶಾಸನದ ಶ್ಲೋಕದಲ್ಲಿ ಬೈಗುಳಂತೆ ಕೇಳಿಸುವ ಪಾಷಂಡಪದವೇ ಸ್ಮೃತಿಯಲ್ಲಿ ರಕ್ಷಣೆಗೆ ಅರ್ಹರಾದವರ ಪಟ್ಟಿಯಲ್ಲಿ ಬಂದಿರುವುದು ಗಮನಾರ್ಹವಾದುದು. ಮತವೊಂದನ್ನು ತಪ್ಪೆಂದು ಎಣಿಸುವುದಕ್ಕೂ, ಆ ಮತದವರ ಮರ್ಯಾದೆಯನ್ನು ಕಾಯುವುದಕ್ಕೂ ನಮ್ಮ ಪ್ರಾಚೀನರು ವಿರೋಧವನ್ನು ಕಾಣಲಿಲ್ಲ.

ಸಮಯ ಎಂಬ ಶಬ್ದವೂ ಇದಕ್ಕೆ ಅನುಕೂಲವಾಗಿದೆ. ಶಾಸನದಲ್ಲಿ ಮತವನ್ನು ಕುರಿತು ಸಮಯಪದವನ್ನು ಪ್ರಯೋಗಿಸಿದೆ. ಅಮರಸಿಂಹನು ಈ ಶಬ್ದಕ್ಕೆ ಶಪಥ, ಆಚಾರ, ಕಾಲ, ಸಿದ್ಧಾಂತ, ಸಂವಿತ್ತು ಎಂಬ ಐದು ಅರ್ಥಗಳನ್ನು ಹೇಳಿರುವನು. ನಾರದನಂತೂ ಪಾಷಂಡ ನೈಗಮಾದಿಗಳ ಸ್ಥಿತಿಗೆ ಸಮಯವೆಂದು ಹೆಸರೆಂದೇ ಲಕ್ಷಣ ಹೇಳಿ, ಆ ಸಮಯವನ್ನು ಕೆಡಿಸದಿರುವುದನ್ನು ಒಂದು ವ್ಯವಹಾರಪದವನ್ನಾಗಿ ಮಾಡಿರುವನು. ಸಿದ್ಧಾಂತವೆಂಬ ಅರ್ಥವೂ ಒಡಂಬಡಿಕೆಯೆಂಬ ಅರ್ಥವೂ ಒಂದೇ ಪದದಲ್ಲಿ ನೆಲಸಿರುವುದು ಆಕಸ್ಮಿಕವಲ್ಲ. ಒಂದು ಜನಸಮುದಾಯವು ಒಪ್ಪಿ ನಡೆಯುವ ನಡೆಯೇ ಅದರ ಸಮಯ. ಎರಡು ಸಮಯಗಳು ಒಂದೇ ಊರಿನಲ್ಲಿ ನಡೆಯಬೇಕಾದರೆ ಅವೆರಡರ ನಡುವೆ ಇನ್ನೊಂದು ಸಮಯವು ಬೇಕಾಗುತ್ತದೆ. ಬೆಳ್ಗೊಳದ ಶಾಸನವು ಆ ಮೂರನೆಯ ಸಮಯ. ಆದುದರಿಂದ ಭೇದವಿಲ್ಲವೆಂಬ ಮಾತಿಗೆ, ರಾಜನ ರಕ್ಷಣೆಯನ್ನು ಪಡೆಯುವ ವಿಷಯದಲ್ಲಿ ಇಬ್ಬರಿಗೂ ತಾರತಮ್ಯವಿಲ್ಲವೆಂಬುದೇ ಅರ್ಥ. ಮಾತು ಅಭೇದದ್ದು, ಕಾರ್ಯ ಭೇದರಕ್ಷಣೆಯದು. ವಾದ್ಯವೂ ಕಲಶವೂ ಹಿಂದಿನಂತೆ ಜೈನರಿಗೆ ಸಲ್ಲಬೇಕೆಂಬ ವಿಧಿಯು ಪೂರ್ವವೃತ್ತಿಯನ್ನು ಪಾಲಿಸಬೇಕೆಂಬ ಸ್ಮೃತಿಯ ಆಚರಣೆಯಲ್ಲದೆ ಮತ್ತೇನು?

ಶಾಸನದ ವೈಶಿಷ್ಟ್ಯವು ಸ್ಪಷ್ಟವಾಗಬೇಕಾದರೆ ಇದನ್ನು ಬೇರೆ ಎರಡು ಶಾಸನಗಳೊಡನೆ ತೂಗಿ ನೋಡಬೇಕು. ಮೊದಲನೆಯದು ಹಾವೇರಿ ಜಿಲ್ಲೆಯ ಅಬ್ಬಲೂರಿನದು. ಕಾಲ ಸುಮಾರು ೧೨೦೦. ಏಕಾಂತದ ರಾಮಯ್ಯನು ತನ್ನ ತಲೆಯನ್ನು ಕತ್ತರಿಸಿಕೊಂಡು ಶಿವನ ಪ್ರಸಾದದಿಂದ ಮರಳಿ ಪಡೆಯುವೆನೆಂದು ಪಣವೊಡ್ಡಿದನೆಂದೂ, ಜೈನರು ಓಲೆ ಬರೆದುಕೊಟ್ಟು ಬಳಿಕ ಮಾತಿಗೆ ತಪ್ಪಿದರೆಂದೂ, ಅವನು ಜಿನಬಿಂಬವನ್ನು ಒಡೆದನೆಂದೂ, ಜೈನರು ಬಿಜ್ಜಳನಲ್ಲಿ ದೂರಲು ಅವನು ರಾಮಯ್ಯನಿಗೇ ಜಯಪತ್ರವನ್ನು ಕೊಟ್ಟನೆಂದೂ ಅದರಲ್ಲಿ ಹೇಳಿದೆ. ಇದು ಗೆದ್ದವರು ಬರೆಯಿಸಿದ ಕಥನವೆಂಬುದನ್ನು ಮರೆಯಬಾರದು. ಆದರೂ ನ್ಯಾಯದ ಒಂದು ಕ್ರಮವು ಇದರಲ್ಲಿ ಕಾಣುತ್ತದೆ. ಇಲ್ಲಿ ಪ್ರಶ್ನೆ ಯಾವ ದೇವರು ದೊಡ್ಡವನೆಂಬುದು, ನಿರ್ಣಯದ ಸಾಧನ ಪವಾಡ, ಫಲ ಜಯಪತ್ರ. ಜಯಪತ್ರವುಳ್ಳಲ್ಲಿ ಒಬ್ಬನು ಸೋತಿರಲೇಬೇಕು, ಸೋತವನ ಗುಡಿ ಉಳಿಯುವುದು ಕಷ್ಟ.

ಎರಡನೆಯದು ಹಳೇಬೀಡಿನ ೧೬೩೮ರ ಶಾಸನ, ಬೇಲೂರು ನಾಯಕರ ಕಾಲದ್ದು. ಹುಚ್ಚಪ್ಪದೇವರೆಂಬವರು ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಲಿಂಗಮುದ್ರೆಯನ್ನೊತ್ತಿದರು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು, ಕಲಹವಾಯಿತು. ವೀರಶೈವರ ಮಹಾಮಹತ್ತಿನವರು ಸೇರಿ, ಜೈನರು ಮೊದಲು ವಿಭೂತಿ ವೀಳೆಯಗಳನ್ನು ಸಲ್ಲಿಸಿ ಬಳಿಕ ತಮ್ಮ ಪೂಜಾದಿಗಳನ್ನು ಹಿಂದಿನಂತೆ ನಡೆಯಿಸಿಕೊಳ್ಳಬಹುದೆಂದು ತೀರ್ಮಾನಿಸಿದರು. ಆ ಮೇಲೆ ಈ ಜೈನಧರ್ಮಕ್ಕೆ ವಿಘ್ನ ಮಾಡುವವನು ಶಿವದ್ರೋಹಿ, ವಿಭೂತಿರುದ್ರಾಕ್ಷಿಗಳಿಗೆ ದ್ರೋಹಿ ಎಂದು ಶಪಿಸಿದರು. ಇಲ್ಲಿ ಯಾರೂ ಪೂರ್ಣವಾಗಿ ಸೋಲಲಿಲ್ಲ. ಆದರೆ ದುರ್ಬಲನು ಪ್ರಬಲನಿಗೆ ಮೊದಲು ತಲೆಬಾಗಿ ತನ್ನ ಮನೆಯೊಳಗೆ ಹೋಗಬೇಕಾಯಿತು. ಆದರೂ ಒಂದು ಗುಣವನ್ನು ಒಪ್ಪಬೇಕು: ಜೈನಧರ್ಮಕ್ಕೆ ಕೇಡು ಮಾಡಿದವನ ಮೇಲಿನ ಶಾಪವು ಜೈನರ ಶಾಪವಲ್ಲ, ಶೈವರ ಶಾಪ. ತನ್ನವನು ಪರರ ಧರ್ಮಕ್ಕೆ ಅಪಚಾರ ಮಾಡಿದರೆ ಅದು ತನ್ನ ಧರ್ಮಕ್ಕೇ ಮಾಡಿದ ಅಪಚಾರವೆಂಬ ಭಾವನೆಯು ಇಲ್ಲಿಯೂ ಉಂಟು.

ಈ ಎರಡರ ನಡುವಣ ಕಾಲದ ಬೆಳ್ಗೊಳದ ಶಾಸನದಲ್ಲಿ ಪಣವಿಲ್ಲ, ಪವಾಡವಿಲ್ಲ, ಜಯಪತ್ರವಿಲ್ಲ, ಪರಮತದ ಚಿಹ್ನೆಗೆ ವಂದಿಸಬೇಕೆಂಬ ನಿಯಮವೂ ಇಲ್ಲ. ಯಾರಮೇಲೆ ದೂರು ಬಂದಿತ್ತೋ ಅವರನ್ನೇ ರಕ್ಷಕರನ್ನಾಗಿ ಮಾಡಿದೆ. ಅದಕ್ಕಿಂತಲೂ ಮುಖ್ಯವಾದುದು ಹಾನಿವೃದ್ಧಿಗಳ ವಾಕ್ಯ. ನೆರೆಯವನ ಹಾನಿಯನ್ನು ತಡೆಯಬೇಕೆಂದು ಯಾರಾದರೂ ಹೇಳಬಹುದು. ಅವನ ವೃದ್ಧಿಯನ್ನೂ ತನ್ನದೆಂದೇ ಎಣಿಸಬೇಕೆಂದು ವಿಧಿಸುವುದು ಅಪೂರ್ವ. ಪರಮತದವರು ಬದುಕಿಕೊಳ್ಳಲೆಂದು ಸೈರಿಸುವವರು ಅನೇಕರುಂಟು. ಅವರು ಬೆಳೆದರೆ ಸಂತೋಷಪಡುವವರು ವಿರಳ. ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೇಳಿರುವುದುಂಟು. ಬಳ್ಳಿಗಾವೆಯಂತಹ ಪಟ್ಟಣಗಳಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಇವರ ಮಠಗಳು ಒಟ್ಟಿಗೆ ಇದ್ದುದೂ ಉಂಟು. ಶಾಸನವು ಆ ಸೈರಣೆಗಿಂತ ಒಂದು ಹೆಜ್ಜೆ ಮುಂದಿಟ್ಟಿದೆ.

ಆದರೆ ವಿಮರ್ಶಕನು ಗುಣಗಳನ್ನು ಹೇಳಿ ದೋಷಗಳನ್ನು ಮರೆಮಾಚಬಾರದು. ಮೊದಲನೆಯದು ಹಣದ ವಿಷಯ. ಅನ್ಯಾಯವನ್ನು ಮಾಡಿದವರು ಭಕ್ತರೆಂಬುದು ದೂರು. ಕಾವಲಿನ ವೆಚ್ಚವನ್ನು ಹೊತ್ತವರು ಜೈನರು. ಮನೆಗೊಂದು ಹಣವನ್ನು ತೆತ್ತು, ಅದರಿಂದ ವೈಷ್ಣವರು ನೇಮಿಸಿದ ಆಳುಗಳಿಂದ ತಮ್ಮ ದೇವರನ್ನು ಕಾಯಿಸಿಕೊಳ್ಳಬೇಕಾಯಿತು. ಇದು ರಕ್ಷಣೆಯೋ ಅಥವಾ ರಕ್ಷಣೆಯ ಹೆಸರಿನ ಕಪ್ಪವೋ ಎಂದು ಒಬ್ಬನು ಕೇಳಿದರೆ ಅವನನ್ನು ಕುತರ್ಕಿಯೆಂದು ಬಾಯಿ ಮುಚ್ಚಿಸಲಾಗದು. ಇದಕ್ಕೆ ಸಮಾಧಾನವು ಅರ್ಧ ಮಾತ್ರ ದೊರೆಯುತ್ತದೆ. ಹಣವು ಅರಮನೆಯ ಬೊಕ್ಕಸಕ್ಕಾಗಲಿ ವೈಷ್ಣವರ ದೇವಾಲಯಕ್ಕಾಗಲಿ ಹೋಗತಕ್ಕುದಲ್ಲ. ಇಪ್ಪತ್ತು ಆಳುಗಳ ಜೀವಿತವನ್ನು ಕಳೆದು ಉಳಿದುದು ಜಿನಾಲಯಗಳ ಸುಣ್ಣಕ್ಕೆ ಸಲ್ಲತಕ್ಕುದು. ಕೆಡಿಸಬಲ್ಲವನ ಕೈಗೇ ಕಾಯುವ ಹೊಣೆಯನ್ನು ಕೊಟ್ಟರೆ, ಕೆಟ್ಟಾಗ ಯಾರನ್ನು ಕೇಳಬೇಕೆಂಬುದರಲ್ಲಿ ಸಂಶಯ ಉಳಿಯುವುದಿಲ್ಲವೆಂಬ ನೀತಿಯೂ ಇದರಲ್ಲಿರಬಹುದು. ಆದರೂ ತುಲಾಪಾತ್ರೆಯು ಸಮವಾಗಿಲ್ಲವೆಂಬುದನ್ನು ಒಪ್ಪಲೇಬೇಕು.

ಎರಡನೆಯದು, ಒಡಂಬಡಿಕೆ ತಾನಾಗಿ ಬಾಳುವುದಿಲ್ಲವೆಂಬುದು. ಶಾಸನದ ಕೊನೆಯಲ್ಲಿ ಸೇರಿಸಿದ ಭಾಗವೊಂದುಂಟು. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ ಇದನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅದು ಹೇಳುತ್ತದೆ. ಚಂದ್ರಸೂರ್ಯರಿರುವವರೆಗೆ ನಡೆಯತಕ್ಕುದೆಂದ ಧರ್ಮವು, ಅದನ್ನು ವಿಧಿಸಿದ ರಾಯನಿರುವಾಗಲೇ ಒಬ್ಬ ಸೆಟ್ಟಿಯ ಬಿನ್ನಹವನ್ನೂ ಉದ್ಧಾರವನ್ನೂ ಬೇಡಿತು. ರಾಯನ ಹೆಸರನ್ನು ಎಲ್ಲರೂ ಬಲ್ಲರು. ಕಲ್ಲೆಹದ ಸೆಟ್ಟಿಯ ಹೆಸರನ್ನು ಸ್ಮರಿಸುವವರು ಕಡಮೆ. ನನ್ನ ದೃಷ್ಟಿಯಲ್ಲಿ ಈ ಶಾಸನದ ನಾಯಕನು ಅವನೇ. ಕಲ್ಲನ್ನು ನೆಡಿಸುವುದು ಒಮ್ಮೆಯ ಕೆಲಸ, ಅದನ್ನು ಎತ್ತಿ ನಿಲ್ಲಿಸುತ್ತಿರುವುದು ಪ್ರತಿ ತಲೆಮಾರಿನ ಕೆಲಸ.

ಮೂರನೆಯ ದೋಷವು ಕಾಲದ್ದು. ಶಾಸನವು ಸಮಯಗಳನ್ನು ರಕ್ಷಿಸುತ್ತದೆ, ಸಮಯದೊಳಗಿನ ವ್ಯಕ್ತಿಯನ್ನಲ್ಲ. ತನ್ನ ಸಮಯವನ್ನು ಬಿಟ್ಟು ಹೋಗಬಯಸುವವನಿಗೆ, ಯಾವ ಸಮಯಕ್ಕೂ ಸೇರದವನಿಗೆ, ಇಲ್ಲಿ ಸ್ಥಾನವಿಲ್ಲ. ತಿರುಕುಲ ಜಾಂಬವಕುಲಗಳವರು ಆ ಸಭೆಯಲ್ಲಿ ಇದ್ದರೆಂಬುದು ಮೆಚ್ಚತಕ್ಕುದು. ನಾನು ಓದಿದ ಪಾಠಶಾಲೆಯ ಪಂಕ್ತಿಯಲ್ಲಿ ಆ ಕುಲಗಳವರನ್ನು ನಾನು ಕಾಣಲಿಲ್ಲವೆಂಬುದನ್ನು ನಾಚಿಕೆಯಿಂದ ಹೇಳಬೇಕಾಗಿದೆ. ಆದರೆ ಅವರು ಅಲ್ಲಿ ಸಾಕ್ಷಿಗಳಾಗಿ ನಿಂತರು. ಅವರ ದೂರೇನಾದರೂ ಇತ್ತೇ ಎಂದು ಯಾರೂ ಕೇಳಿದಂತೆ ಶಾಸನದಲ್ಲಿಲ್ಲ. ಜನವರಿ ೨೬, ೧೯೫೦ರಂದು ಜಾರಿಗೆ ಬಂದ ಭಾರತದ ಸಂವಿಧಾನವು ೨೫ನೆಯ ಅನುಚ್ಛೇದದಲ್ಲಿ ಪ್ರತಿ ವ್ಯಕ್ತಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ, ೨೬ನೆಯ ಅನುಚ್ಛೇದದಲ್ಲಿ ಮತಪಂಗಡಗಳಿಗೆ ತಮ್ಮ ಧಾರ್ಮಿಕ ವ್ಯವಹಾರಗಳನ್ನು ನಿರ್ವಹಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಎರಡನೆಯದರಲ್ಲಿ ಯಾಜ್ಞವಲ್ಕ್ಯನ ಧ್ವನಿಯನ್ನು ನಾನು ಕೇಳಬಲ್ಲೆ. ಮೊದಲನೆಯದು ಯಾಜ್ಞವಲ್ಕ್ಯನಲ್ಲಿಯೂ ಇಲ್ಲ, ಬುಕ್ಕರಾಯನಲ್ಲಿಯೂ ಇಲ್ಲ. ಅದನ್ನು ನಮ್ಮ ಹಿರಿಯರೇ ಹೇಳಿದ್ದರೆಂದು ಬಲಾತ್ಕಾರದಿಂದ ಅರ್ಥ ಹಚ್ಚುವುದು ಹಿರಿಯರಿಗೆ ಗೌರವವಲ್ಲ.

ಇದೆಲ್ಲದರಿಂದ ಸಿದ್ಧವಾಗುವುದಿಷ್ಟು. ಮತಗಳೆಲ್ಲ ಒಂದೇ ಎಂದು ಒಪ್ಪಿದ ಮೇಲೆ ಮಾತ್ರ ಕೂಡಿಬಾಳಬಹುದೆಂಬವರು, ಒಪ್ಪದವರೊಡನೆ ಬಾಳುವ ದಾರಿಯನ್ನು ಹೇಳಲಾರರು. ಒಪ್ಪದಿರುವುದೇ ಲೋಕದಲ್ಲಿ ಸಹಜವಾದುದರಿಂದ, ಬೇಕಾಗಿರುವುದು ಆ ದಾರಿಯೇ. ಪರಮತವನ್ನು ಆಲಿಸಬೇಕು, ಅಕಾಲದಲ್ಲಿ ಅದನ್ನು ಹಳಿಯದೆ ನಾಲಗೆಯನ್ನು ಬಿಗಿಹಿಡಿಯಬೇಕು ಎಂದು ಅಶೋಕನು ಹನ್ನೆರಡನೆಯ ಶಿಲಾಲೇಖದಲ್ಲಿ ಹೇಳಿರುವನು. ಆ ಲೇಖದ ಪ್ರತಿಯೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದೊಳಗೆ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ದೊರೆತದ್ದು ನಮ್ಮ ನಾಡಿನ ಭಾಗ್ಯ. ಅಶೋಕನು ಮನಸ್ಸನ್ನು ತಿದ್ದುವ ಮಾತನ್ನು ಹೇಳಿದನು. ಬುಕ್ಕರಾಯನು ಮನಸ್ಸು ತಿದ್ದದಿದ್ದರೂ ನಡೆಯಬೇಕಾದ ನಿಯಮವನ್ನು ಹೇಳಿದನು. ಎರಡೂ ಬೇಕು. ಆದರೆ ಮೊದಲನೆಯದು ಸಿದ್ಧಿಸುವವರೆಗೆ ಎರಡನೆಯದು ಕಾಯಬಾರದು.

ಭಂಡಾರಿ ಬಸದಿಯನ್ನು ಹೊಯ್ಸಳ ನರಸಿಂಹನ ಭಂಡಾರಿಯಾದ ಹುಳ್ಳನು ೧೧೫೯ರಲ್ಲಿ ಕಟ್ಟಿಸಿ ಇಪ್ಪತ್ತನಾಲ್ವರು ತೀರ್ಥಂಕರರನ್ನು ಪ್ರತಿಷ್ಠಿಸಿದನು. ಅಲ್ಲಿಗೆ ಹೋದವರು ತೀರ್ಥಂಕರರ ದರ್ಶನವಾದ ಮೇಲೆ ಈ ಕಲ್ಲಿನ ಮುಂದೆಯೂ ಒಂದು ಗಳಿಗೆ ನಿಂತು, ಮೊದಲ ಶ್ಲೋಕದಿಂದ ಕೊನೆಯ ಸೆಟ್ಟಿಯ ಹೆಸರಿನವರೆಗೂ ಓದಬೇಕೆಂದು ನನ್ನ ಬಿನ್ನಹ. ನಡುವಣ ಒಂದು ವಾಕ್ಯವನ್ನು ಮಾತ್ರ ಓದಿ ಹಿಂದಿರುಗಿದವರು ಅದರ ಮೃದುತ್ವವನ್ನು ಕಂಡಾರು, ಬಲವನ್ನು ಕಾಣಲಾರರು. ನನ್ನ ಅರ್ಥಗ್ರಹಣದಲ್ಲಿ ತಪ್ಪಿದ್ದರೆ ಬಲ್ಲವರು ಪ್ರಮಾಣಪೂರ್ವಕವಾಗಿ ತಿದ್ದಬೇಕು. ಅಂತಹ ಖಂಡನೆಯನ್ನು ವೃದ್ಧಿಯೆಂದೇ ಎಣಿಸುವೆನು.